ನಂಜು ಇಳಿದ ಮೇಲಿನ ಒಂದು ವರ್ಷ

ಹೊಲದಲ್ಲಿ ಕಾಲಿಗೆ ಜಾಲಿಮುಳ್ಳು ಚುಚ್ಚಿದರೆ ಅರಿಸಿನ ಮೆತ್ತಿ ಸುಮ್ಮನಾಗುವುದು ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಭಾಗದ ರೂಢಿ. ಬಹುತೇಕ ಗಾಯಗಳು ಮಾಯುತ್ತವೆ. ಆದರೆ, ವಿಶೇಷವಾಗಿ ಮಧುಮೇಹಿಗಳಲ್ಲಿ, ಗಾಯ ಕೀವುಗಟ್ಟಿ, ಚಳಿಜ್ವರ ಬಂದು, ಉಸಿರು ವೇಗವಾಗಿ, ಮೂತ್ರ ಕಡಿಮೆಯಾಗಿ, ಮಾತು ತಡವರಿಸತೊಡಗಿದರೆ ಅದು ಸೆಪ್ಸಿಸ್ ಆಗಿರಬಹುದು. ಜನ ಇದನ್ನು ‘ಮೈಗೆ ನಂಜೇರಿತು’ ಎನ್ನುತ್ತಾರೆ. ಸೋಂಕನ್ನು ಎದುರಿಸಬೇಕಾದ ದೇಹಶಕ್ತಿಯೇ ಹದತಪ್ಪಿ ಸ್ವಂತ ಮೂತ್ರಪಿಂಡ, ಶ್ವಾಸಕೋಶ, ಹೃದಯಗಳನ್ನು ಘಾಸಿಗೊಳಿಸುವ ಸ್ಥಿತಿಯಿದು. ನ್ಯುಮೋನಿಯಾ, ಮೂತ್ರದ ಸೋಂಕು, ಬಾಣಂತಿಯರ ಸೋಂಕುಗಳಿಂದಲೂ ಇದು ಬರುತ್ತದೆ. ಆಯುರ್ವೇದ ವೈದ್ಯರಾದ ನಾವೇ ಹೇಳುತ್ತೇವೆ: ಆ ಗಳಿಗೆಯಲ್ಲಿ ಕಷಾಯ, ಲೇಪಗಳನ್ನು ನೆಚ್ಚಬಾರದು. 108ಕ್ಕೆ ಕರೆ ಮಾಡಿ ಗದಗದ ಜಿಮ್ಸ್‌ನಂಥ ದೊಡ್ಡ ಆಸ್ಪತ್ರೆಗೆ ಒಯ್ಯಬೇಕು.

ಜಗತ್ತಿನಲ್ಲಿ 2017ರಲ್ಲಿ ಸುಮಾರು 4.89 ಕೋಟಿ ಜನರಿಗೆ ಸೆಪ್ಸಿಸ್ ತಗುಲಿ, 1.1 ಕೋಟಿ ಜನ ತೀರಿಕೊಂಡರೆಂದು ಅಂದಾಜು. ಬದುಕುಳಿದವರ ಕಥೆಯನ್ನು ಮಾತ್ರ ನಾವು ಕೇಳುವುದು ವಿರಳ. ವಿದೇಶಗಳ ಅಧ್ಯಯನಗಳಂತೆ, ಗುಣವಾಗಿ ಮನೆಗೆ ಮರಳಿದವರಲ್ಲಿ ಅರ್ಧದಷ್ಟು ಜನ ಚೇತರಿಸಿಕೊಳ್ಳುತ್ತಾರೆ. ಮೂವರಲ್ಲಿ ಒಬ್ಬರು ವರ್ಷದೊಳಗೆ ಅಸುನೀಗುತ್ತಾರೆ. ಆರರಲ್ಲಿ ಒಬ್ಬರಿಗೆ ತೀವ್ರ ದೌರ್ಬಲ್ಯ ಉಳಿಯುತ್ತದೆ. ಅಮೆರಿಕದ ವೃದ್ಧ ರೋಗಿಗಳಲ್ಲಿ ನೂರಕ್ಕೆ ಸುಮಾರು 40 ಜನ 90 ದಿನಗಳೊಳಗೆ ಮತ್ತೆ ಆಸ್ಪತ್ರೆ ಸೇರಿದ್ದರು. ಸ್ನಾಯುಗಳು ಕ್ಷೀಣಿಸುವುದು, ಮರೆವು, ನಿದ್ರಾಹೀನತೆ, ಖಿನ್ನತೆ, ಹೊಸ ಸೋಂಕು ಇವೆಲ್ಲ ಕಾಡುತ್ತವೆ. ಮನೆಯವರು ಇದನ್ನು ಸೋಮಾರಿತನವೆಂದು ಬೈಯುವುದನ್ನು ನಾವು ಕಂಡಿದ್ದೇವೆ. ಅದು ಸೋಮಾರಿತನವಲ್ಲ, ರೋಗದ ಶೇಷ.

ಖರ್ಚಿನ ಲೆಕ್ಕವೂ ಬಿಡುಗಡೆಯ ದಿನ ಮುಗಿಯದು. ಬಿಪಿಎಲ್ ಕುಟುಂಬಗಳಿಗೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ನೆರವಾಗುತ್ತದೆ. ಅದು ಮುಖ್ಯವಾಗಿ ಒಳರೋಗಿಯ ಚಿಕಿತ್ಸೆಗೆ. ಆನಂತರದ ತಿಂಗಳುಗಟ್ಟಲೆಯ ಔಷಧ, ರಕ್ತಪರೀಕ್ಷೆ, ಹುಬ್ಬಳ್ಳಿಗೆ ಓಡಾಟ, ಬಿಟ್ಟುಹೋದ ಕೂಲಿ, ಆರೈಕೆಗೆ ನಿಂತವರ ಕೂಲಿ ಇವೆಲ್ಲ ಮನೆಯ ಗಂಟಿನಿಂದಲೇ ಹೋಗಬೇಕು. ಆದ್ದರಿಂದ ಇದ್ದ ಹಣವನ್ನೆಲ್ಲ ಮೊದಲ ವಾರಕ್ಕೇ ಸುರಿಯದೆ, ಕಾರ್ಡನ್ನು ದಾಖಲಾಗುವಾಗಲೇ ತೋರಿಸಿ, ಮುಂದಿನ ದಿನಗಳಿಗೆ ಒಂದಿಷ್ಟು ಉಳಿಸಿಕೊಳ್ಳಬೇಕು. ಜನೌಷಧಿ ಕೇಂದ್ರಗಳಲ್ಲಿ ಔಷಧಗಳು ಅಗ್ಗ.

ಜ್ವರ ಬಿಟ್ಟವನು ಬಲ ಕೂಡುವವರೆಗೆ ಹೆಚ್ಚು ಶ್ರಮಿಸಬಾರದು, ಶ್ರಮಿಸಿದರೆ ಜ್ವರ ಮರುಕಳಿಸೀತು ಎಂಬುದು ಚರಕಸಂಹಿತೆಯ ಎಚ್ಚರಿಕೆ. ಹಾಗೆಂದು ಹಾಸಿಗೆ ಹಿಡಿದಿರಲೂಬಾರದು. ಮೊದಲು ಅಂಗಳ, ಆಮೇಲೆ ಓಣಿ, ಆಮೇಲೆ ಹೊಲ. ಹೀಗೆ ನಡಿಗೆ ಬೆಳೆಯಲಿ. ತೆಳು ಗಂಜಿಯಿಂದ ಹೆಸರುಬೇಳೆ, ಹಾಲು, ಮೊಳಕೆಕಾಳುಗಳತ್ತ ಆಹಾರ ಸಾಗಲಿ. ಮೂತ್ರಪಿಂಡ ದುರ್ಬಲವಾಗಿದ್ದರೆ ಪಥ್ಯವನ್ನು ವೈದ್ಯರೇ ಹೇಳಬೇಕು. ಅವರಿಗೆ ತಿಳಿಸದೆ ಭಸ್ಮಗಳನ್ನಾಗಲಿ ನೋವಿನ ಮಾತ್ರೆಗಳನ್ನಾಗಲಿ ಸೇವಿಸಬಾರದು. ಮತ್ತೆ ಚಳಿಜ್ವರ ಕಂಡರೆ ಬೆಳಗಾಗಲೆಂದು ಕಾಯದೆ ಅಂದೇ ಆಸ್ಪತ್ರೆಗೆ ಹೊರಡಬೇಕು. ಬಿಡುಗಡೆಯ ಚೀಟಿ ಸದಾ ಕೈಗೆ ಸಿಗುವಂತಿರಲಿ.

ಸದ್ಭಕ್ತರಲ್ಲಿ ಒಂದು ವಿನಂತಿ. ಆಸ್ಪತ್ರೆಯಿಂದ ಬಂದವರನ್ನು ಮೊದಲ ವಾರ ಎಲ್ಲರೂ ಹಣ್ಣು ಹಿಡಿದು ನೋಡಲು ಹೋಗುತ್ತೇವೆ. ಮೂರನೆಯ ತಿಂಗಳು ಆ ಮನೆಗೆ ಯಾರೂ ಹೋಗುವುದಿಲ್ಲ. ಆಗ ಹೋಗಿ, ತಪಾಸಣೆಗೆ ಜೊತೆಯಾಗಿ ಹೊರಡುವುದೂ ದಾಸೋಹವೇ.