ಕೆಲಸವನ್ನು ಹಂಚಬಹುದು, ಹೊಣೆಯನ್ನಲ್ಲ

ಮದುವೆಯ ಮನೆಯಲ್ಲಿ ಹಿರಿಯರೊಬ್ಬರು ಕೆಲಸ ಹಂಚುವುದನ್ನು ನಾವೆಲ್ಲರೂ ಕಂಡಿದ್ದೇವೆ. ದಿನಸಿ ತರುವವರು ಒಬ್ಬರು, ಚಪ್ಪರ ಹಾಕಿಸುವವರು ಇನ್ನೊಬ್ಬರು, ಬೀಗರ ಬಿಡಾರ ನೋಡಿಕೊಳ್ಳುವವರು ಮತ್ತೊಬ್ಬರು. ಹಿರಿಯರ ಮಾತು ಸ್ಪಷ್ಟವಾಗಿರದಿದ್ದರೆ ಒಂದೇ ಸಾಮಾನನ್ನು ಇಬ್ಬರು ತರುತ್ತಾರೆ. ಬೇಕಾದುದನ್ನು ಯಾರೂ ತರುವುದಿಲ್ಲ. ಇದೇ ತೊಡಕು ಇಂದು ಗಣಕಯಂತ್ರಗಳ ಲೋಕದಲ್ಲಿಯೂ ತಲೆದೋರಿದೆಯೆಂದರೆ ಸೋಜಿಗವೆನಿಸೀತು.

ಕೃತಕ ಬುದ್ಧಿಮತ್ತೆಯ ತಂತ್ರಾಂಶಗಳು ಮೊದಮೊದಲು ಕೇಳಿದ ಪ್ರಶ್ನೆಗೆ ಉತ್ತರ ಬರೆದುಕೊಡುತ್ತಿದ್ದವು, ಅಷ್ಟೇ. ಈಗ ‘ಏಜೆಂಟ್’ ಎನಿಸಿಕೊಂಡವು ಒಪ್ಪಿಸಿದ ಕೆಲಸವನ್ನು ತಾವೇ ಹಂತಗಳಾಗಿ ವಿಂಗಡಿಸಿ, ಅಂತರಜಾಲದಲ್ಲಿ ಹುಡುಕಿ, ಕಡತಗಳನ್ನು ಓದಿ ಪೂರೈಸುತ್ತವೆ. ಆದರೆ ಒಂದು ಏಜೆಂಟ್ ಏಕಕಾಲಕ್ಕೆ ಗಮನದಲ್ಲಿಟ್ಟುಕೊಳ್ಳಬಲ್ಲ ಬರಹಕ್ಕೆ ಮಿತಿಯುಂಟು. ಆದುದರಿಂದ ದೊಡ್ಡ ಕೆಲಸ ಬಂದಾಗ ಮುಖ್ಯ ಏಜೆಂಟ್ ಅದನ್ನು ತುಂಡುಮಾಡಿ, ಒಂದೊಂದು ತುಂಡನ್ನು ಒಂದೊಂದು ಉಪಏಜೆಂಟಿಗೆ ವಹಿಸಿ, ಅವು ತಂದುದನ್ನು ಕೂಡಿಸುತ್ತದೆ.

ಈ ವಿಚಾರ ತೀರ ಹೊಸದಲ್ಲ. ೧೯೮೦ರಲ್ಲಿಯೇ ರೀಡ್ ಸ್ಮಿತ್ ಎಂಬ ವಿಜ್ಞಾನಿ, ಒಂದು ಗಣಕ ಕೆಲಸವನ್ನು ಸಾರಿ, ಉಳಿದವು ಟೆಂಡರಿನಂತೆ ಒಪ್ಪಿಗೆ ಸೂಚಿಸಿ, ತಕ್ಕುದಕ್ಕೆ ಆ ಕೆಲಸ ದೊರೆಯುವ ಕ್ರಮವನ್ನು ಪ್ರಕಟಿಸಿದ್ದರು.

೨೦೨೫ರ ಜೂನ್ ತಿಂಗಳಿನಲ್ಲಿ ಅಮೆರಿಕದ ಆಂಥ್ರೊಪಿಕ್ ಸಂಸ್ಥೆಯು ಇಂತಹ ಸಂಶೋಧನಾ ವ್ಯವಸ್ಥೆಯೊಂದನ್ನು ಕಟ್ಟಿದ ಅನುಭವವನ್ನು ಬರೆದು ತಿಳಿಸಿತು. ಅದರ ಆಂತರಿಕ ಪರೀಕ್ಷೆಯಲ್ಲಿ ಈ ಕೂಟವು ಒಂಟಿ ಏಜೆಂಟಿಗಿಂತ ಶೇಕಡ ೯೦.೨ರಷ್ಟು ಮೇಲಾಯಿತು. ಆದರೆ ಆರಂಭದ ಎಡವಟ್ಟುಗಳನ್ನೂ ಕಟ್ಟಿದವರೇ ಮುಚ್ಚುಮರೆಯಿಲ್ಲದೆ ಹೇಳಿಕೊಂಡಿದ್ದಾರೆ. ಸರಳ ಪ್ರಶ್ನೆಯೊಂದಕ್ಕೆ ಮುಖ್ಯ ಏಜೆಂಟ್ ೫೦ ಉಪಏಜೆಂಟುಗಳನ್ನು ಎಬ್ಬಿಸಿದ್ದುಂಟು. ಚಿಪ್ಪುಗಳ ಅಭಾವವನ್ನು ಕುರಿತು ಹುಡುಕಿರೆಂದು ಚುಟುಕಾಗಿ ಹೇಳಿದಾಗ ಒಂದು ೨೦೨೧ರ ಮೋಟಾರು ಉದ್ಯಮದ ಬಿಕ್ಕಟ್ಟಿನ ಬೆನ್ನು ಹತ್ತಿತು. ಉಳಿದೆರಡು ೨೦೨೫ರ ಸರಬರಾಜನ್ನೇ ಎರಡೆರಡು ಸಲ ಶೋಧಿಸಿದವು.

ಕಂಡುಕೊಂಡ ಪರಿಹಾರ ನಮ್ಮ ಹಿರಿಯರಿಗೆ ತಿಳಿದದ್ದೇ. ಪ್ರತಿಯೊಂದು ಉಪಏಜೆಂಟಿಗೂ ಕೆಲಸದ ಉದ್ದೇಶವೇನು, ಫಲವನ್ನು ಯಾವ ರೂಪದಲ್ಲಿ ತರಬೇಕು, ಯಾವ ಸಾಧನ ಮತ್ತು ಆಕರಗಳನ್ನು ಬಳಸಬೇಕು, ಎಲ್ಲಿಗೆ ನಿಲ್ಲಿಸಬೇಕು ಎಂಬ ನಾಲ್ಕನ್ನೂ ಬಿಡಿಸಿ ಹೇಳುವುದು. ವೆಚ್ಚವೂ ಗಮನಾರ್ಹ: ಸಾಮಾನ್ಯ ಸಂಭಾಷಣೆಗಿಂತ ಸುಮಾರು ೧೫ ಪಟ್ಟು ಹೆಚ್ಚು ಬರಹವನ್ನು ಯಂತ್ರ ಸಂಸ್ಕರಿಸಬೇಕಾಗುತ್ತದೆ. ಬೇರೆ ಬೇರೆ ಕಡೆ ಹುಡುಕುವ ಕೆಲಸಕ್ಕೆ ಈ ಹಂಚಿಕೆ ಒಪ್ಪುತ್ತದೆ. ಭಾಗಗಳು ಒಂದಕ್ಕೊಂದು ಹೆಣೆದುಕೊಂಡಿರುವ ಕೆಲಸಕ್ಕೆ ಅಷ್ಟಾಗಿ ಒಪ್ಪದು.

ಇಲ್ಲಿ ಆಯ್ದಕ್ಕಿ ಲಕ್ಕಮ್ಮನವರ ನೆನಪಾಗದಿರದು. ಪತಿ ಮಾರಯ್ಯನವರು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಹೆಚ್ಚಿನದನ್ನು ತಂದಲ್ಲಿಯೇ ಸುರಿದು ಬನ್ನಿರೆಂದ ಶರಣೆ ಆಕೆ. ಒಂದು ಏಜೆಂಟ್ ಸಾಲುವಲ್ಲಿ ಐವತ್ತನ್ನು ಎಬ್ಬಿಸುವವರಿಗೆ ಆ ತಾಯಿಯ ನಡೆಯಲ್ಲಿ ಪಾಠವುಂಟು.

ಇದಕ್ಕಿಂತ ಮಿಗಿಲಾದ ಮಾತು ಹೊಣೆಗಾರಿಕೆಯದು. ಉಪಏಜೆಂಟ್ ತಪ್ಪು ತಂದರೆ ಮುಖ್ಯ ಏಜೆಂಟ್ ಅದನ್ನು ಒಪ್ಪವಾದ ಮಾತುಗಳಲ್ಲಿ ಜೋಡಿಸಿಬಿಡಬಹುದು. ಕೈಯಿಂದ ಕೈಗೆ ದಾಟಿದ ತಪ್ಪು ತಪ್ಪಿನಂತೆ ಕಾಣುವುದಿಲ್ಲ. ಅಂತರಜಾಲದ ಪುಟದಲ್ಲಿ ಯಾರೋ ಕಪಟದಿಂದ ಬರೆದಿಟ್ಟ ಸೂಚನೆಯನ್ನು ನಂಬಿ ಏಜೆಂಟ್ ದಾರಿತಪ್ಪುವುದೂ ಉಂಟು. ಆದಕಾರಣ ಮಕ್ಕಳ ಕಾಲೇಜು ಆಯ್ಕೆ, ಅಂಗಡಿಯ ಲೆಕ್ಕ, ಔಷಧದ ವಿಚಾರ ಮುಂತಾದವುಗಳಲ್ಲಿ ಇವುಗಳ ನೆರವು ಪಡೆಯುವ ಗೃಹಸ್ಥರು ಪ್ರತಿ ಮಾತಿಗೂ ಆಧಾರ ಕೇಳಿ, ಆ ಮೂಲವನ್ನು ತಾವೇ ತೆರೆದು ಓದಬೇಕು. ಹಣ ಪಾವತಿಯ ಅಧಿಕಾರವನ್ನೂ ಗುಪ್ತಪದವನ್ನೂ ಒಪ್ಪಿಸಬಾರದು. ಔಷಧದಲ್ಲಿ ವೈದ್ಯರ ಮಾತೇ ಕೊನೆಯದು.

ಬಸವಾದಿ ಶರಣರು ಕಾಯಕವೆಂದದ್ದು ಬರಿಯ ದುಡಿಮೆಯನ್ನಲ್ಲ. ಅಲ್ಲಿ ಮಾಡುವವನ ಮನಸ್ಸು ಶುದ್ಧವಾಗಿರಬೇಕು, ಫಲಕ್ಕೆ ಅವನೇ ಉತ್ತರಿಸಬೇಕು. ಯಂತ್ರ ದುಡಿಯಬಲ್ಲದು, ಉತ್ತರಿಸಲಾರದು. ಮದುವೆಯ ಮನೆಯಲ್ಲಿ ಊಟ ಸಾಲದೆ ಹೋದರೆ ಬೀಗರು ಕೇಳುವುದು ದಿನಸಿ ತಂದ ಹುಡುಗನನ್ನಲ್ಲ, ಮನೆಯ ಯಜಮಾನನನ್ನು. ಏಜೆಂಟುಗಳು ಎಷ್ಟೇ ಇರಲಿ, ಆ ಯಜಮಾನಿಕೆ ನಮ್ಮದೇ.