ಮೆಟ್ಟಿಲ ಬಾಗಿಲಿಗೆ ಕುಂಡ ಅಡ್ಡ ಇಟ್ಟಿದ್ದೀರಾ?

ಹದಿನಾಲ್ಕನೇ ಮಹಡಿ.
ಫೈರ್ ಅಲಾರಂ ಹೊಡ್ಕೊಳ್ತಿದೆ.
ಲಿಫ್ಟ್ ಬಟನ್ ಒತ್ತುತ್ತೀರಾ?

ಬೇಡ.
ಕರೆಂಟ್ ಹೋದ್ರೆ ನಡುವೆಯೇ ನಿಂತುಬಿಡುತ್ತೆ.

2010ರ ಫೆಬ್ರವರಿ 23.
ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್ ಕಟ್ಟಡಕ್ಕೆ ಬೆಂಕಿ ಬಿತ್ತು.
9 ಜನ ತೀರಿಕೊಂಡರು.
ಹೊಗೆ ತಾಳಲಾರದೆ
ಕೆಲವರು ಕಿಟಕಿಯಿಂದಲೇ ಜಿಗಿದರು.

ವೈರು, ಪೈಪು ಹೋಗೋ ಡಕ್ಟ್ ಇರುತ್ತಲ್ಲ?
ಬೆಂಕಿ ಬಿದ್ದಾಗ ಅದು
ಬಚ್ಚಲ ಒಲೆಯ ಹೊಗೆಕೊಳವೆ ಇದ್ದಹಾಗೆ.
ಕೆಳಗೆ ಕಿಡಿ,
ಗಳಿಗೆಯಲ್ಲಿ ಮೇಲೆಲ್ಲ ಹೊಗೆ.
ಬಾಗಿಲು ತೆರೆದಿಟ್ಟರೆ ಮೆಟ್ಟಿಲೂ ಅಷ್ಟೇ.

ಅದಕ್ಕೇ ಫೈರ್ ಡೋರ್
ತಾನಾಗೇ ಮುಚ್ಚಿಕೊಳ್ಳೋದು.
ನಾವೋ, ಗಾಳಿ ಬರ್ಲಿ ಅಂತ
ಅದಕ್ಕೆ ಕುಂಡ ಅಡ್ಡ ಇಡ್ತೀವಿ!
ಪಕ್ಕದಲ್ಲಿ ಚಪ್ಪಲಿ ಸ್ಟ್ಯಾಂಡು, ಮಕ್ಕಳ ಹಳೇ ಸೈಕಲ್ಲು.
ಕೆಲವು ಕಡೆ, ಕಳ್ಳರ ಭಯಕ್ಕೆ ಬೀಗ.
ಕಳ್ಳನಿಗೆ ಬೇರೆ ದಾರಿ ಸಿಗುತ್ತೆ,
ನಿಮಗೆ ಸಿಗಲ್ಲ.

ಮೆಟ್ಟಿಲಲ್ಲಿ ಹೊಗೆ ತುಂಬಿದೆಯಾ?
ಇಳಿಯಬೇಡಿ.
ಮನೆಯೊಳಗೆ ಬನ್ನಿ, ಬಾಗಿಲು ಮುಚ್ಚಿ,
ಸಂದಿಗೆ ಒದ್ದೆ ಬಟ್ಟೆ ತುರುಕಿ.
101 ಇಲ್ಲವೇ 112ಕ್ಕೆ ಫೋನ್ ಮಾಡಿ,
ಮಹಡಿ, ಫ್ಲ್ಯಾಟ್ ನಂಬರ್ ಹೇಳಿ.
ಬಾಲ್ಕನಿಯಿಂದ ಬಟ್ಟೆ ಬೀಸಿ.

ಅಜ್ಜಿ, ತಾತ ಇದ್ದಾರಾ?
ಅವರನ್ನ ಯಾರು ಇಳಿಸಬೇಕು ಅಂತ
ಇವತ್ತೇ ಮಾತಾಡ್ಕೊಳ್ಳಿ.
ಹಾಗೇ ಮೆಟ್ಟಿಲಲ್ಲಿ ಇಳಿದು,
ಗ್ರೌಂಡ್ ಫ್ಲೋರ್ ಬಾಗಿಲು ತೆರೆಯುತ್ತಾ,
ನೋಡ್ಕೊಂಡು ಬನ್ನಿ.