ಸಿಗರೇಟಿನ ಆಸ್ತಿ, ಹಿಂಸೆಯ ಅಧ್ಯಯನ

ಜರ್ಮನಿಯ ಹ್ಯಾಂಬರ್ಗ್ ನಗರದಲ್ಲಿ ಮಿಟ್ಟೆಲ್‌ವೇಗ್ ಎಂಬ ರಸ್ತೆಯಿದೆ. ಅಲ್ಲಿನ 36ನೇ ನಂಬರಿನ ಕಟ್ಟಡದಲ್ಲಿ ಗ್ರಂಥಾಲಯ, ಹಳೆಯ ದಾಖಲೆಗಳ ಸಂಗ್ರಹ, ಸಮಾಜವಿಜ್ಞಾನಿಗಳ ಕೋಣೆಗಳು. ಇಲ್ಲಿಂದ ಹೊರಡುವ ಪತ್ರಿಕೆಗೆ ಬೇರೆ ಹೆಸರು ಹುಡುಕುವ ಗೋಜಿಗೆ ಹೋಗದೆ ‘ಮಿಟ್ಟೆಲ್‌ವೇಗ್ 36’ ಎಂದೇ ಇಟ್ಟುಬಿಟ್ಟಿದ್ದಾರೆ. ಇದು ಹ್ಯಾಂಬರ್ಗ್ ಸಮಾಜ ಸಂಶೋಧನಾ ಸಂಸ್ಥೆ. ಮನುಷ್ಯ ಮನುಷ್ಯನ ಮೇಲೆ ಎಸಗುವ ಹಿಂಸೆ ಹೇಗೆ ಹುಟ್ಟುತ್ತದೆ, ಸಮಾಜ ಅದನ್ನು ಹೇಗೆ ಸಹಿಸಿಕೊಂಡು ಮುಂದೆ ಸಾಗುತ್ತದೆ ಎಂಬುದು ಇಲ್ಲಿನ ಮುಖ್ಯ ಅಧ್ಯಯನ ವಿಷಯ. ಇದಕ್ಕೆಲ್ಲ ಬುನಾದಿಯಾದದ್ದು ಸಿಗರೇಟಿನ ದುಡ್ಡು.

ರೇಮ್ಟ್ಸ್ಮಾ ಕುಟುಂಬದ ವ್ಯಾಪಾರ ಶುರುವಾದದ್ದು 1910ರಲ್ಲಿ, ಎರ್ಫುರ್ಟ್ ಊರಿನಲ್ಲಿ. ಅದನ್ನು ಸಾಮ್ರಾಜ್ಯವಾಗಿ ಬೆಳೆಸಿದವರು ಎರಡನೇ ತಲೆಮಾರಿನ ಫಿಲಿಪ್ ರೇಮ್ಟ್ಸ್ಮಾ. 1930ರ ದಶಕದ ಹೊತ್ತಿಗೆ ಜರ್ಮನಿಯಲ್ಲಿ ಸೇದುತ್ತಿದ್ದ ಮೂರು ಸಿಗರೇಟುಗಳಲ್ಲಿ ಎರಡು ಇವರದೇ. ಹಿಟ್ಲರನಿಗೆ ತಂಬಾಕು ಕಂಡರಾಗದು. ಅವನ ಬಲಗೈ ಗೋರಿಂಗ್‌ಗೆ ಮಾತ್ರ ರೇಮ್ಟ್ಸ್ಮಾ ಕಂಪನಿಯಿಂದ ಲಕ್ಷಗಟ್ಟಲೆ ಮಾರ್ಕ್ ಸಲ್ಲುತ್ತಿತ್ತು. ಸಿಗರೇಟ್ ಪ್ಯಾಕಿನಲ್ಲಿ ಒಂದು ಚೀಟಿ ಇರುತ್ತಿತ್ತು. ಚೀಟಿ ಕೂಡಿಸಿ ಕಳಿಸಿದರೆ ಫೋಟೊಗಳು ಬರುತ್ತಿದ್ದವು, ಅವನ್ನು ಆಲ್ಬಮ್‌ನ ಖಾಲಿ ಚೌಕಗಳಿಗೆ ಅಂಟಿಸಬೇಕು. 1936ರಲ್ಲಿ ಹೀಗೆ ಬಂದ ಒಂದು ಆಲ್ಬಮ್‌ನ ಹೆಸರು ‘ಅಡಾಲ್ಫ್ ಹಿಟ್ಲರ್’. ಅಪ್ಪ ಸಿಗರೇಟು ಸೇದುವುದು, ಮಗ ಫೋಟೊ ಅಂಟಿಸುವುದು: ಪ್ರಚಾರಕ್ಕೆ ಇದಕ್ಕಿಂತ ಸಲೀಸಾದ ದಾರಿ ಬೇಕೆ?

ಯುದ್ಧ ಬಂತು. ಜರ್ಮನ್ ಸೇನೆ ಕ್ರೈಮಿಯಾವನ್ನು ಹಿಡಿದಾಗ ಅಲ್ಲಿನ ತಂಬಾಕು ಹೊಲಗಳ ಮೇಲೂ ಕಂಪನಿಯ ಹಿಡಿತ ಬಿತ್ತು. ಅಲ್ಲಿ ಜನರನ್ನು ಬಲವಂತವಾಗಿ ದುಡಿಸಿಕೊಂಡ ಕಥೆಯ ವಿವರವಾದ ಅಧ್ಯಯನ ಪುಸ್ತಕವಾಗಿ ಬಂದದ್ದು 2011ರಲ್ಲಿ.

ಮೊದಲ ಮದುವೆಯ ಗಂಡುಮಕ್ಕಳನ್ನು ಯುದ್ಧದ ವರ್ಷಗಳಲ್ಲಿ ಕಳೆದುಕೊಂಡ ಫಿಲಿಪ್‌ಗೆ ಎರಡನೇ ಮದುವೆಯಿಂದ 1952ರಲ್ಲಿ ಒಬ್ಬ ಮಗ ಹುಟ್ಟಿದ. ಅವರೇ ಯಾನ್ ಫಿಲಿಪ್ ರೇಮ್ಟ್ಸ್ಮಾ. ತಂದೆ ತೀರಿಕೊಂಡಾಗ ಇವರಿಗಿನ್ನೂ ಏಳು ವರ್ಷ. ಉಯಿಲಿನ ಪ್ರಕಾರ 26 ತುಂಬುವವರೆಗೆ ಆಸ್ತಿ ಕೈಗೆ ಬರುವಂತಿರಲಿಲ್ಲ. ಅಪ್ಪ ನೆಟ್ಟ ಆಲದ ಮರವೆಂದು ಅದಕ್ಕೇ ಜೋತುಬೀಳುವ ಜಾಯಮಾನ ಇವರದಲ್ಲ. ಅಧಿಕಾರ ಸಿಕ್ಕಿದ ಸ್ವಲ್ಪ ಸಮಯದಲ್ಲೇ, 1980ರಲ್ಲಿ, ತಮ್ಮ ಪಾಲನ್ನು ಕಾಫಿ ವ್ಯಾಪಾರದ ಚೀಬೊ ಸಂಸ್ಥೆಗೆ ಮಾರಿ ಕೈತೊಳೆದುಕೊಂಡರು. ಓದಿದ್ದು ಜರ್ಮನ್ ಸಾಹಿತ್ಯ. ಮುಂದೆ ಅದರಲ್ಲೇ ಪ್ರಾಧ್ಯಾಪಕರೂ ಆದರು.

ಅದಕ್ಕೂ ಮೊದಲೇ, 1977ರಲ್ಲಿ, ಈ ತರುಣ ಬಾರ್ಗ್‌ಫೆಲ್ಡ್ ಎಂಬ ಹಳ್ಳಿಯಲ್ಲಿದ್ದ ಲೇಖಕ ಆರ್ನೊ ಶ್ಮಿಟ್ ಅವರಿಗೆ ಮೂರೂವರೆ ಲಕ್ಷ ಮಾರ್ಕ್ ಕೊಟ್ಟಿದ್ದರು. ಆಗಿನ ನೊಬೆಲ್ ಪ್ರಶಸ್ತಿಯ ಮೊತ್ತವೂ ಹೆಚ್ಚುಕಡಿಮೆ ಅಷ್ಟೇ. ದುಡ್ಡಿನ ಚಿಂತೆ ಬಿಟ್ಟು ಬರೆಯಿರಿ ಎಂಬುದಷ್ಟೇ ಅದರ ಉದ್ದೇಶ. ನೊಬೆಲ್ ಬಾರದ ಲೇಖಕನಿಗೆ ಓದುಗನೊಬ್ಬ ಅಷ್ಟೇ ಹಣ ಕೊಟ್ಟ ಉದಾಹರಣೆ ಸಾಹಿತ್ಯಲೋಕದಲ್ಲಿ ಹುಡುಕಿದರೂ ಸಿಗಲಿಕ್ಕಿಲ್ಲ.

ಇದೇ ಆಸ್ತಿಯಿಂದ ರೇಮ್ಟ್ಸ್ಮಾ ಹ್ಯಾಂಬರ್ಗ್‌ನ ಸಂಶೋಧನಾ ಸಂಸ್ಥೆಯನ್ನು ಕಟ್ಟಿದ್ದು 1984ರಲ್ಲಿ. ಖರ್ಚಿಗೆ ಸರ್ಕಾರದ ಮುಂದೆ ಕೈಯೊಡ್ಡಬೇಕಿರಲಿಲ್ಲವಾದ್ದರಿಂದ ಸಂಶೋಧಕರಿಗೆ ಯಾರ ಮುಲಾಜೂ ಇರಲಿಲ್ಲ. 1995ರಲ್ಲಿ ಅದು ದೊಡ್ಡದಾಗಿ ಬಯಲಾಯಿತು. ಯಹೂದಿಗಳ ಕೊಲೆಯೆಲ್ಲ ನಾಜಿ ಪಕ್ಷದ ಎಸ್‌ಎಸ್ ಪಡೆಯದು, ಸಾಮಾನ್ಯ ಸೈನಿಕರ ಕೈ ಶುದ್ಧ ಎಂದು ಜರ್ಮನ್ ಮನೆಗಳಲ್ಲಿ ಐವತ್ತು ವರ್ಷಗಳಿಂದ ಹೇಳಿಕೊಂಡು ಬಂದಿದ್ದರು. ಹಾಗಲ್ಲ, ಸೇನೆಯೇ ಈ ಕೊಲೆಗಳಲ್ಲಿ ಪಾಲುದಾರ ಎಂದು ಫೋಟೊ, ಪತ್ರ, ಆದೇಶಗಳನ್ನು ಗೋಡೆಗೆ ತೂಗಿಹಾಕಿ ಸಂಸ್ಥೆ ಊರೂರಿಗೆ ಪ್ರದರ್ಶನ ಒಯ್ದಿತು. ತಮ್ಮ ಅಪ್ಪನೋ ಅಜ್ಜನೋ ಫೋಟೊದಲ್ಲಿದ್ದಾನೆಯೇ ಎಂದು ನೋಡಲು ಬಂದವರೂ ಇದ್ದರು. ಮ್ಯೂನಿಕ್‌ನಲ್ಲಿ ವಿರೋಧಿ ಮೆರವಣಿಗೆ ನಡೆಯಿತು, ಸಂಸತ್ತಿನಲ್ಲಿ ಚರ್ಚೆಯಾಯಿತು, 1999ರಲ್ಲಿ ಸಾರ್‌ಬ್ರುಕೆನ್‌ನಲ್ಲಿ ಬಾಂಬ್ ಸಿಡಿಯಿತು.

ಅದೇ ವರ್ಷ ಇತಿಹಾಸಕಾರರು ತಪ್ಪು ಹಿಡಿದರು: ಕೆಲವು ಫೋಟೊಗಳಲ್ಲಿದ್ದ ಹೆಣಗಳು ಸೋವಿಯತ್ ಗುಪ್ತ ಪೊಲೀಸರು ಕೊಂದವರದ್ದು. ರೇಮ್ಟ್ಸ್ಮಾ ಪ್ರದರ್ಶನ ನಿಲ್ಲಿಸಿ, ಹೊರಗಿನ ತಜ್ಞರ ಸಮಿತಿ ನೇಮಿಸಿದರು. 1,433 ಫೋಟೊಗಳಲ್ಲಿ ಇಲ್ಲಿಗೆ ಸಂಬಂಧಿಸದವು 20ಕ್ಕಿಂತ ಕಡಿಮೆ, ಮೂಲ ವಾದ ಸರಿ ಎಂದಿತು ಸಮಿತಿ. 2001ರಲ್ಲಿ ಹೊಸದಾಗಿ ಕಟ್ಟಿದ ಪ್ರದರ್ಶನ ಮತ್ತೆ ಹೊರಟಿತು. ತಂದೆಯ ಕಂಪನಿಗೆ ಕ್ರೈಮಿಯಾದ ತಂಬಾಕು ಸಿಕ್ಕಿದ್ದು ಇದೇ ಸೇನೆಯ ಬೆನ್ನ ಹಿಂದೆ ಎಂಬುದನ್ನು ನೆನೆದರೆ ಮಗನ ಈ ಹಟದ ತೂಕ ಗೊತ್ತಾಗುತ್ತದೆ.

ಹಿಂಸೆ ಇವರಿಗೆ ಓದಿನ ವಿಷಯವಾಗಿ ಮಾತ್ರ ಉಳಿಯಲಿಲ್ಲ. 1996ರ ಮಾರ್ಚ್ 25ರ ರಾತ್ರಿ ಮನೆಯ ಹತ್ತಿರವೇ ಅವರನ್ನು ಅಪಹರಿಸಲಾಯಿತು. 33 ದಿನ ನೆಲಮಾಳಿಗೆಯಲ್ಲಿ, ಸರಪಳಿಯಲ್ಲಿ. ಹಣ ತಲುಪಿಸುವ ಯತ್ನಗಳು ಎರಡು ಬಾರಿ ವಿಫಲವಾದ ಮೇಲೆ ಒಬ್ಬ ಪಾದ್ರಿ ಮತ್ತು ಒಬ್ಬ ಸಮಾಜಶಾಸ್ತ್ರಜ್ಞ ಸುಮಾರು 3 ಕೋಟಿ ಮಾರ್ಕ್ ಒಯ್ದುಕೊಟ್ಟರು. ಮರುವರ್ಷ ಪ್ರಕಟವಾದ ‘ನೆಲಮಾಳಿಗೆಯಲ್ಲಿ’ ಪುಸ್ತಕದಲ್ಲಿ ಆ ದಿನಗಳನ್ನು ವರ್ಣಿಸುವಾಗ ಅವರು ‘ನಾನು’ ಎನ್ನುವುದಿಲ್ಲ, ‘ಅವನು’ ಎನ್ನುತ್ತಾರೆ. ಅನುಕಂಪ ಬೇಡುವ ಒಂದು ವಾಕ್ಯವೂ ಇಲ್ಲದ ಆ ಪುಸ್ತಕವೇ ನನ್ನ ಮಟ್ಟಿಗೆ ಅವರ ಅತ್ಯುತ್ತಮ ಬರಹ.

ಒಂದು ಆಕ್ಷೇಪ ಉಳಿಯುತ್ತದೆ. ಯುದ್ಧದ ಸಾವುಗಳನ್ನು ಇಷ್ಟು ನಿಷ್ಠುರವಾಗಿ ಲೆಕ್ಕ ಹಾಕಿದ ಸಂಸ್ಥೆಯ ಮುಖ್ಯ ವಿಷಯಗಳಲ್ಲಿ ಸಿಗರೇಟಿನ ಸಾವುಗಳು ಸೇರಲಿಲ್ಲ. ಕಂಪನಿಯಂತೂ 2002ರಲ್ಲಿ ಬ್ರಿಟನ್ನಿನ ಇಂಪೀರಿಯಲ್ ಟೊಬ್ಯಾಕೊ ಪಾಲಾಗಿ ವ್ಯಾಪಾರ ಮುಂದುವರಿಸಿದೆ.

ರೇಮ್ಟ್ಸ್ಮಾ 2015ರಲ್ಲಿ ನಿರ್ದೇಶಕ ಸ್ಥಾನ ಬಿಟ್ಟರು. ಸಂಸ್ಥೆಯನ್ನು 2028ರಲ್ಲಿ ಮುಚ್ಚುವುದಾಗಿ 2024ರಲ್ಲಿ ಪ್ರಕಟಿಸಲಾಗಿದೆ.